ಆಂಬುಲೆನ್ಸ್ ಎಲ್ಲಿ ನಿಲ್ಲಬೇಕು ಅಂತ ಗಣಿತ ಹೇಳುತ್ತಂತೆ. ಕಡೇ ಹಳ್ಳಿಗೆ ನ್ಯಾಯ ಸಿಗುತ್ತಾ?

ಕಪ್ಪತಗುಡ್ಡದ ಸೆರಗು (ಗದಗ ಜಿಲ್ಲೆ):
ಎಲ್ಲರಿಗೂ ನಮಸ್ಕಾರ. ನಮ್ಮ ತಾಲ್ಲೂಕಿನ ಆಂಬುಲೆನ್ಸ್‌ಗಳು ಎಲ್ಲಿ ನಿಲ್ಲಬೇಕು ಅನ್ನೋದನ್ನ ಇನ್ನು ಮುಂದೆ ಗಣಿತದ ಮಾದರಿ ಹಾಕಿ ತೀರ್ಮಾನ ಮಾಡಬೇಕು ಅಂತ ಮಾತು ನಡೆದಿದೆ. ಪಂಚಾಯ್ತಿ ಕಟ್ಟೆಯಲ್ಲಿ ಎರಡು ಗುಂಪಾಗಿದೆ. ಒಂದು ಗುಂಪು ‘ಬರಲಿ ಬಿಡ್ರಿ, ಇಷ್ಟು ದಿನ ಶಿಫಾರಸಿನ ಮೇಲೆ ನಡೆದಿತ್ತು’ ಅನ್ನುತ್ತದೆ. ಇನ್ನೊಂದು ಗುಂಪು ‘ಲೆಕ್ಕ ಅಂದ್ರೆ ತಲೆ ಎಣಿಸೋದು, ನಮ್ಮ ತಾಂಡಾದಾಗ ಎಷ್ಟು ತಲೆ ಅದಾವು?’ ಅಂತ ಕೇಳುತ್ತದೆ. ನನಗೆ ಎರಡರಲ್ಲೂ ಸತ್ಯ ಕಾಣುತ್ತದೆ.

ನಮ್ಮ ತಾಂಡಾ ಗುಡ್ಡದ ಬುಡದಲ್ಲಿದೆ. ಬಸ್ಸು ದಿನಕ್ಕೆ ಎರಡು ಸಲ. ಮಳೆ ಬಿದ್ದರೆ ಎರೆ ಮಣ್ಣಿನ ದಾರಿಯಲ್ಲಿ ಬೈಕೂ ಹೋಗೋದಿಲ್ಲ. ಇಂಥ ಕಡೆ ಇರುವವರನ್ನು ಈ ಮಾದರಿ ಹೇಗೆ ನೋಡುತ್ತದೆ? ಸಭೆಗೆ ಹೋದರೆ ನಾವು ಏನು ಕೇಳಬೇಕು? ತಿಳಿದವರು ಸರಳವಾಗಿ ಹೇಳಿ.

ಬ್ಯಾಡಗಿ ಖಾರ:
ಮೊದಲು ರಸ್ತೆ ಮಾಡಲಿ. ಗಾಡಿ ಕೆಸರಲ್ಲಿ ಹುಗಿದುಕೊಂಡರೆ ಅದು ಎಲ್ಲಿಂದ ಹೊರಟಿತ್ತು ಅನ್ನೋದು ಯಾರಿಗೆ ಬೇಕು?

ಲೆಕ್ಕದ ಮಾಸ್ತರ್ (ಧಾರವಾಡ):
ರಸ್ತೆಯ ಮಾತು ಸರಿ, ಅದಕ್ಕೂ ಬರೋಣ. ಮೊದಲು ಮಾದರಿ ಅಂದರೆ ಏನು ಅನ್ನೋದಕ್ಕೆ ಒಂದು ಸಣ್ಣ ಲೆಕ್ಕ. ಊರುಗಳು ಕಲ್ಪನೆಯವು, ಅಂಕಿ ನಾನೇ ಹಾಕಿಕೊಂಡಿದ್ದು.

ಒಂದೇ ನೇರ ರಸ್ತೆ. ಶುರುವಿನಲ್ಲಿ ದೊಡ್ಡ ಊರು, 8,000 ಜನ. ಅಲ್ಲಿಂದ 10 ಕಿ.ಮೀ.ಗೆ ಸಣ್ಣ ಊರು, 1,500 ಜನ. 30 ಕಿ.ಮೀ.ಗೆ ತಾಂಡಾ, 500 ಜನ. ಇರೋದು ಒಂದೇ ಗಾಡಿ.

‘ಎಲ್ಲರ ದೂರ ಸೇರಿಸಿ, ಸರಾಸರಿ ಆದಷ್ಟು ಕಡಿಮೆ ಮಾಡು’ ಅಂದರೆ ಉತ್ತರ ದೊಡ್ಡ ಊರು. ಸರಾಸರಿ ಬರೀ 3 ಕಿ.ಮೀ. ವರದಿಯಲ್ಲಿ ಬಹಳ ಚೆಂದ ಕಾಣುತ್ತದೆ. ತಾಂಡಾದವರಿಗೆ ಮಾತ್ರ 30 ಕಿ.ಮೀ. ‘ಎಲ್ಲರಿಗಿಂತ ದೂರ ಇರುವವರ ದೂರ ಕಡಿಮೆ ಮಾಡು’ ಅಂದರೆ ಗಾಡಿ 15ನೇ ಕಿ.ಮೀ.ಗೆ ಹೋಗಿ ನಿಲ್ಲುತ್ತದೆ. ಯಾರಿಗೂ 15ಕ್ಕಿಂತ ಜಾಸ್ತಿ ಇಲ್ಲ. ಆದರೆ ಸರಾಸರಿ 13.5ಕ್ಕೆ ಏರುತ್ತದೆ, ಮೇಲಾಗಿ ಅದು ಬಟಾಬಯಲು. ಮೂರನೇ ದಾರಿ: ‘ಯಾರಿಗೂ 20 ಕಿ.ಮೀ. ದಾಟಬಾರದು, ಆ ಮಿತಿಯೊಳಗೆ ಸರಾಸರಿ ಕಡಿಮೆ ಮಾಡು.’ ಆಗ ಉತ್ತರ ನಡುವಿನ ಸಣ್ಣ ಊರು. ಸರಾಸರಿ 9, ತಾಂಡಾಕ್ಕೆ 20.

ರಸ್ತೆ ಅದೇ, ಜನ ಅವರೇ, ಗಾಡಿಯೂ ಅದೇ. ಪ್ರಶ್ನೆ ಬದಲಾದ ಕೂಡಲೇ ಗಾಡಿ ನಿಲ್ಲುವ ಜಾಗ ಬದಲಾಯಿತು. ಆ ಪ್ರಶ್ನೆ ಯಾವುದು ಅಂತ ಆರಿಸೋದು ಕಂಪ್ಯೂಟರ್ ಅಲ್ಲ, ಮನುಷ್ಯರು. ಸಭೆಯಲ್ಲಿ ಮೊದಲು ಕೇಳಬೇಕಾದ್ದು ಇದು: ‘ನೀವು ಏನನ್ನು ಕಡಿಮೆ ಮಾಡೋಕೆ ಹೊರಟಿದ್ದೀರಿ? ಸರಾಸರಿಯನ್ನೋ, ಕಡೇ ಮನೆಯ ದೂರವನ್ನೋ?’

ಗೋಕುಲ ರೋಡ್ (ಹುಬ್ಬಳ್ಳಿ):
ಮಾಸ್ತರ್, ಒಂದು ಮಾತು. 500 ಜನರಿಗೆ 10 ಕಿ.ಮೀ. ಉಳಿಸೋಕೆ 8,000 ಜನರಿಗೆ 10 ಕಿ.ಮೀ. ಹೆಚ್ಚು ಮಾಡಿದಿರಿ. ಆ 8,000 ಜನರಲ್ಲೂ ಹಮಾಲರು, ಬೀದಿ ವ್ಯಾಪಾರದವರು, ಬಾಡಿಗೆ ಮನೆಯವರು ಇರುತ್ತಾರೆ. ಹೃದಯಾಘಾತಕ್ಕೆ ಹಳ್ಳಿ ಪೇಟೆ ಅಂತ ಭೇದ ಇಲ್ಲ. ಜನ ಎಲ್ಲಿ ಜಾಸ್ತಿಯೋ ಕರೆಗಳೂ ಅಲ್ಲೇ ಜಾಸ್ತಿ. ಸರಾಸರಿಯನ್ನು ಕೆಟ್ಟದ್ದು ಅನ್ನೋ ಹಾಗೆ ಮಾತಾಡೋದು ತಪ್ಪು. ಸರಾಸರಿಯ ಒಳಗೆ ಪ್ರತಿಯೊಬ್ಬರೂ ಇದ್ದಾರೆ.

ಕಪ್ಪತಗುಡ್ಡದ ಸೆರಗು:
ಅಣ್ಣಾರೆ, ದೊಡ್ಡ ಊರಲ್ಲಿ ಆಟೋ ಸಿಗುತ್ತದೆ, ನೆರೆಯವರ ಕಾರು ಸಿಗುತ್ತದೆ, ಖಾಸಗಿ ದವಾಖಾನೆಯೂ ಇರುತ್ತದೆ. ನಮಗೆ ಗಾಡಿ ಬರದಿದ್ದರೆ ಟ್ರ್ಯಾಕ್ಟರ್ ಒಂದೇ. ನೀವು ಬರೀ ತಲೆ ಎಣಿಸಿದಿರಿ, ಬೇರೆ ದಾರಿ ಯಾರಿಗಿದೆ ಅಂತ ಎಣಿಸಲಿಲ್ಲ.

ಗೋಕುಲ ರೋಡ್:
ಅದು ಒಪ್ಪುವ ಮಾತು. ಹಾಗಾದರೆ ಅದನ್ನೇ ಲೆಕ್ಕದಲ್ಲಿ ಸೇರಿಸಿ ಅಂತ ಕೇಳಿ. ದೂರಕ್ಕೆ ಮಿತಿ ಹಾಕಿ ಸುಮ್ನೆ ಬಿಡೋದು ಬೇಡ.

ಗಾಡಿ ಓಡಿಸುವವ:
ನಾನು ಆಂಬುಲೆನ್ಸ್ ಪೈಲಟ್, ಹಾವೇರಿ ಜಿಲ್ಲೆ. ನೀವೆಲ್ಲ ಕಿ.ಮೀ. ಲೆಕ್ಕ ಹಾಕುತ್ತಿದ್ದೀರಿ. ನಮಗೆ ಕಿ.ಮೀ. ಮುಖ್ಯ ಅಲ್ಲ, ನಿಮಿಷ ಮುಖ್ಯ. ಹೆದ್ದಾರಿಯಲ್ಲಿ 15 ಕಿ.ಮೀ. ಕಾಲು ಗಂಟೆ. ಅದೇ 15 ಕಿ.ಮೀ. ಒಳದಾರಿಯಲ್ಲಿ, ರಾತ್ರಿ, ಕಬ್ಬಿನ ಟ್ರ್ಯಾಕ್ಟರ್ ಎದುರು ಬಂದರೆ ಮುಕ್ಕಾಲು ಗಂಟೆ. ಮ್ಯಾಪಿನಲ್ಲಿ ದಾರಿ ಇರುತ್ತದೆ, ಹೋಗಿ ನೋಡಿದರೆ ಹಳ್ಳದ ಮೇಲೆ ನೀರು.

ಇನ್ನೊಂದು ವಿಷಯ ಯಾರೂ ಹೇಳಲಿಲ್ಲ. ಗಾಡಿ ಯಾವಾಗಲೂ ತನ್ನ ಜಾಗದಲ್ಲಿ ನಿಂತಿರುತ್ತದೆ ಅಂದುಕೊಂಡಿದ್ದೀರಿ. ತಾಲ್ಲೂಕಿನಿಂದ ಒಂದು ಕೇಸು ಹುಬ್ಬಳ್ಳಿಗೆ ರೆಫರ್ ಆಯಿತು ಅನ್ನಿ. ಹೋಗೋದು, ಅಲ್ಲಿ ಸ್ಟ್ರೆಚರ್ ಸಿಗೋವರೆಗೆ ಕಾಯೋದು, ರೋಗಿಯನ್ನು ಒಪ್ಪಿಸೋದು, ಗಾಡಿ ತೊಳೆಯೋದು, ವಾಪಸ್ ಬರೋದು. ಅರ್ಧ ಪಾಳಿ ಮುಗಿದೇ ಹೋಗುತ್ತದೆ. ಅಷ್ಟು ಹೊತ್ತು ಆ ತಾಲ್ಲೂಕಿನ ಆ ಭಾಗಕ್ಕೆ ಗಾಡಿಯೇ ಇಲ್ಲ.

ಲೆಕ್ಕದ ಮಾಸ್ತರ್:
ಪೈಲಟ್ ಅಣ್ಣ ಹೇಳಿದ್ದಕ್ಕೆ ಗಣಿತದಲ್ಲಿ ಜಾಗ ಇದೆ. ಗಾಡಿ ದಿನದ ಮೂರನೇ ಒಂದು ಪಾಲು ಹೊತ್ತು ಕೆಲಸದಲ್ಲಿ ಇದ್ದರೆ, ಮೂರು ಕರೆಯಲ್ಲಿ ಹೆಚ್ಚುಕಡಿಮೆ ಒಂದಕ್ಕೆ ಗಾಡಿ ಖಾಲಿ ಇರೋದಿಲ್ಲ. ಆ ಹೊತ್ತಿನಲ್ಲಿ ‘ಸರಾಸರಿ 3 ಕಿ.ಮೀ.’ ಅನ್ನೋದಕ್ಕೆ ಅರ್ಥವೇ ಇಲ್ಲ, ಪಕ್ಕದ ತಾಲ್ಲೂಕಿನ ಗಾಡಿ ಬರಬೇಕು. 1974ರಲ್ಲಿ ಚರ್ಚ್ ಮತ್ತು ರೆವೆಲ್ ಅನ್ನುವವರು ‘ಇಷ್ಟು ದೂರದೊಳಗೆ ಎಷ್ಟು ಜನ ಬರುತ್ತಾರೆ’ ಅನ್ನುವ ಮಾದರಿ ಕೊಟ್ಟರು. 1983ರಲ್ಲಿ ಡಾಸ್ಕಿನ್ ಅದಕ್ಕೆ ‘ಗಾಡಿ ಖಾಲಿ ಇರುವ ಸಂಭವ ಎಷ್ಟು’ ಅನ್ನೋದನ್ನ ಸೇರಿಸಿದರು. ಎರಡೂ ಹಳೇ ವಿದ್ಯೆ. ಈಗಿನ ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ ಒಂದು ತಾಲ್ಲೂಕಿನ ಲೆಕ್ಕ ನಿಮಿಷದಲ್ಲಿ ಮುಗಿಯುತ್ತದೆ. ಕಷ್ಟ ಇರೋದು ನಿಜವಾದ ಅಂಕಿ ತರೋದರಲ್ಲಿ.

ಬ್ಯಾಡಗಿ ಖಾರ:
ಅಂಕಿ ಅಂದಿರಲ್ಲ, ಯಾವ ಕಾಲದ ಅಂಕಿ? 2011ರ ಜನಗಣತಿಯಲ್ಲಿ ಗದಗ ಜಿಲ್ಲೆಗೆ 10.64 ಲಕ್ಷ, ಹಾವೇರಿಗೆ 15.97 ಲಕ್ಷ, ಧಾರವಾಡಕ್ಕೆ 18.47 ಲಕ್ಷ. ಆಮೇಲೆ ಊರುಗಳು ಎಷ್ಟು ಬೆಳೆದಿವೆ, ಎಷ್ಟು ಖಾಲಿ ಆಗಿವೆ! ಆ ಅಂಕಿ ಹಾಕಿ ಬಂದ ಉತ್ತರಕ್ಕೆ ನ್ಯಾಯ ಅಂತ ಹೆಸರಿಡೋದಾ?

ದವಾಖಾನೆ ಅಕ್ಕ:
ನಾನು ಸ್ಟಾಫ್ ನರ್ಸ್. ಅಂಕಿಯ ವಿಷಯ ಬಂತಲ್ಲ, ಹಾವಿನ ಔಷಧದ ಬಗ್ಗೆ ಹೇಳಲೇಬೇಕು.

ಹಾವು ಕಚ್ಚಿದವರು ಬಂದರೆ ಒಣಗಿದ ಶುದ್ಧ ಗಾಜಿನ ನಳಿಕೆಗೆ ಸ್ವಲ್ಪ ರಕ್ತ ಹಾಕಿ ಅಲುಗಾಡಿಸದೆ 20 ನಿಮಿಷ ಬಿಡುತ್ತೇವೆ. ಆಮೇಲೆ ಮೆಲ್ಲಗೆ ಬಾಗಿಸಿ ನೋಡುತ್ತೇವೆ. ಹೆಪ್ಪುಗಟ್ಟಿದ್ದರೆ ಸ್ವಲ್ಪ ನಿರಾಳ. ನೀರಿನ ಹಾಗೆ ಹರಿದರೆ ವಿಷ ಏರಿದೆ ಅಂತ ಅರ್ಥ. ಆಗ ಮೊದಲ ಡೋಸ್‌ಗೇ 8ರಿಂದ 10 ವಯಲ್ ಬೇಕು. ಅಷ್ಟು ಸ್ಟಾಕ್ ಇದ್ದರೆ ಅಲ್ಲೇ ಶುರು ಮಾಡಬಹುದು. ಇಲ್ಲದಿದ್ದರೆ ರೆಫರ್.

ಸ್ಟಾಕ್ ಹೇಗೆ ಬರುತ್ತದೆ? ನಾನು ಕೆಲಸ ಮಾಡಿದ ಕಡೆಯೆಲ್ಲ ಕಳೆದ ವರ್ಷದ ಖರ್ಚು ನೋಡಿಯೇ ಇಂಡೆಂಟ್ (ಬೇಕಾದ ಔಷಧದ ಬೇಡಿಕೆ ಪಟ್ಟಿ) ಬರೆಯುತ್ತಿದ್ದರು. ಈಗ ನೋಡಿ. ಒಂದು ಸಣ್ಣ ದವಾಖಾನೆಯಲ್ಲಿ ಔಷಧ ಇರಲಿಲ್ಲ. ಹೊಲದಲ್ಲಿ ಶೇಂಗಾ ಕೀಳುವಾಗ ಕಚ್ಚಿಸಿಕೊಂಡವರು ಅಲ್ಲಿಗೆ ಬಂದು ಉಪಯೋಗ ಇಲ್ಲ ಅಂತ ನೇರ ಜಿಲ್ಲಾ ದವಾಖಾನೆಗೆ ಹೋದರು. ವರ್ಷದ ಕೊನೆಗೆ ಸಣ್ಣ ದವಾಖಾನೆಯ ಖರ್ಚು ಸೊನ್ನೆ. ಖರ್ಚು ಸೊನ್ನೆ ಅಂದರೆ ಮುಂದಿನ ವರ್ಷದ ಇಂಡೆಂಟೂ ಸೊನ್ನೆ. ಪುಸ್ತಕ ನೋಡಿದವರಿಗೆ ಆ ಭಾಗದಲ್ಲಿ ಹಾವೇ ಇಲ್ಲ ಅನ್ನಿಸುತ್ತದೆ.

2024ರಲ್ಲಿ ನಮ್ಮ ರಾಜ್ಯದಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದರು. ಒಳ್ಳೇದಾಯಿತು. ಆದರೆ ವರದಿಯಲ್ಲಿ ಚಿಕಿತ್ಸೆ ಸಿಕ್ಕ ಊರಿನ ಜೊತೆಗೆ ಕಚ್ಚಿದ ಹೊಲ ಯಾವ ಊರಿನದು ಅಂತಲೂ ಬರೆಯಬೇಕು. ಇಲ್ಲದಿದ್ದರೆ ಎಲ್ಲ ಹಾವೂ ಜಿಲ್ಲಾ ಕೇಂದ್ರದಲ್ಲೇ ಇದ್ದ ಹಾಗೆ ಲೆಕ್ಕ ಬರುತ್ತದೆ.

ರೋಣದಿಂದ ಬೆಂಗಳೂರಿಗೆ:
ಅಕ್ಕಾ, ನೀವು ಹೇಳಿದ್ದು ಅಮೆರಿಕದಲ್ಲೂ ಆಗಿದೆ. ಯಾವ ರೋಗಿಗೆ ಹೆಚ್ಚಿನ ಆರೈಕೆ ಬೇಕು ಅಂತ ಆರಿಸೋಕೆ ಅಲ್ಲಿ ಒಂದು ಕಂಪ್ಯೂಟರ್ ಲೆಕ್ಕ ಬಳಸುತ್ತಿದ್ದರು. ಅದು ನೋಡುತ್ತಿದ್ದದ್ದು ಕಾಯಿಲೆಯನ್ನಲ್ಲ, ಆ ರೋಗಿಗೆ ಎಷ್ಟು ದುಡ್ಡು ಖರ್ಚಾಗುತ್ತದೆ ಅನ್ನೋದನ್ನ. ಕಪ್ಪು ಜನರ ಚಿಕಿತ್ಸೆಗೆ ಮೊದಲಿಂದಲೂ ಕಡಿಮೆ ಖರ್ಚಾಗುತ್ತಿತ್ತು. ಹಾಗಾಗಿ ಅವರು ಎಷ್ಟೇ ಕಾಯಿಲೆ ಬಿದ್ದರೂ ಲೆಕ್ಕಕ್ಕೆ ಆರೋಗ್ಯವಂತರಾಗಿ ಕಂಡರು. 2019ರಲ್ಲಿ ಒಬರ್‌ಮೇಯರ್ ಮತ್ತು ಜೊತೆಗಾರರು ‘ಸೈನ್ಸ್’ ಪತ್ರಿಕೆಯಲ್ಲಿ ಇದನ್ನು ಬಯಲು ಮಾಡಿದರು. ತಪ್ಪು ಸರಿಪಡಿಸಿದರೆ ಹೆಚ್ಚಿನ ಆರೈಕೆಗೆ ಆಯ್ಕೆ ಆಗುವ ಕಪ್ಪು ಜನರ ಪಾಲು ಶೇ. 17.7ರಿಂದ ಶೇ. 46.5ಕ್ಕೆ ಏರುತ್ತದೆ ಅಂತ ತೋರಿಸಿದರು. ಲೆಕ್ಕದಲ್ಲಿ ಜಾತಿ, ಬಣ್ಣ ಏನೂ ಇರಲಿಲ್ಲ. ಬರೀ ದುಡ್ಡು ಇತ್ತು, ಅದೇ ಸಾಕಾಯಿತು.

ಬ್ಯಾಡಗಿ ಖಾರ:
ನೋಡಿದಿರಾ? ನಾನು ಹೇಳಿದ್ದು ಇದನ್ನೇ. ಲೆಕ್ಕದ ಹೆಸರಲ್ಲಿ ಅನ್ಯಾಯ ಮಾಡಿದರೆ ಪ್ರಶ್ನೆ ಕೇಳೋರೂ ಇರೋದಿಲ್ಲ. ‘ಕಂಪ್ಯೂಟರ್ ಹೇಳಿದೆ’ ಅಂದುಬಿಡುತ್ತಾರೆ.

ರೋಣದಿಂದ ಬೆಂಗಳೂರಿಗೆ:
ಅನ್ಯಾಯ ಹಿಡಿದದ್ದೂ ಲೆಕ್ಕವೇ ಅಲ್ವಾ? ಸೂತ್ರ ಕಾಗದದ ಮೇಲೆ ಇತ್ತು, ಅದಕ್ಕೇ ತಪ್ಪು ಎಲ್ಲಿದೆ ಅಂತ ಬೆರಳಿಟ್ಟು ತೋರಿಸೋಕೆ ಆಯಿತು. ಸಾಹೇಬರ ಮನಸ್ಸಿನಲ್ಲಿ ನಡೆದ ಲೆಕ್ಕವನ್ನು ಯಾರು ತೆರೆದು ನೋಡುತ್ತಾರೆ?

ಮುಂಡರಗಿ ನೀರು:
ಫ್ಲೋರೈಡ್ ಬಗ್ಗೆಯೂ ಯಾರಾದರೂ ಒಂದು ಲೆಕ್ಕ ಹಾಕಿ. ನಮ್ಮ ಕಡೆ ಬೋರ್ ನೀರು ಕುಡಿದು ಹಲ್ಲು ಕಂದಿದವರು, ಮೊಣಕಾಲು ಹಿಡಿದವರು ಎಷ್ಟು ಜನ! ಅದೂ ಸಾರ್ವಜನಿಕ ಆರೋಗ್ಯವೇ.

ಆಶಾ ಅಕ್ಕ (ಶಿರಹಟ್ಟಿ ಕಡೆ):
ನಾನು ಆಶಾ ಕಾರ್ಯಕರ್ತೆ. ಸಾವಿರ ಜನಕ್ಕೆ ಒಬ್ಬ ಆಶಾ ಅನ್ನೋದು ಲೆಕ್ಕ. ಸಾವಿರ ಜನ ಒಂದೇ ಓಣಿಯಲ್ಲಿ ಇದ್ದರೂ ಒಬ್ಬಳೇ, ನಾಲ್ಕು ತಾಂಡಾದಲ್ಲಿ ಹರಡಿದ್ದರೂ ಒಬ್ಬಳೇ.

ದೀಪಾವಳಿ ಮುಗಿದ ಮೇಲೆ ನಮ್ಮ ತಾಂಡಾದಲ್ಲಿ ಅರ್ಧ ಮನೆಗೆ ಬೀಗ. ಗೋವಾ, ಮಂಗಳೂರು, ಕಬ್ಬಿನ ಗದ್ದೆ ಅಂತ ಮಕ್ಕಳನ್ನು ಕಟ್ಟಿಕೊಂಡು ಹೋಗುತ್ತಾರೆ. ಯುಗಾದಿ ಹೊತ್ತಿಗೆ ಬರುತ್ತಾರೆ. ಆ ಮಕ್ಕಳಿಗೆ 9 ತಿಂಗಳಿಗೆ ಹಾಕಬೇಕಾದ ದಡಾರ ಲಸಿಕೆ ಅಲ್ಲಿ ಹಾಕಿಸಿದರಾ ಅಂದರೆ ಕಾರ್ಡೇ ಊರಲ್ಲಿ ಟ್ರಂಕಿನೊಳಗೆ ಇರುತ್ತದೆ. ಮೀಟಿಂಗಿನಲ್ಲಿ ಮಾತ್ರ ‘ತಾಲ್ಲೂಕಿನ ಸಾಧನೆ ಶೇ. 95, ಚೆನ್ನಾಗಿದೆ’ ಅಂತಾರೆ. ನನಗೆ ಆ ಮಾತು ಕೇಳಿದರೆ ಹೊಟ್ಟೆ ಉರಿಯುತ್ತದೆ. ನನ್ನ ತಾಂಡಾದ ಮಕ್ಕಳು ಆ ಉಳಿದ ಐದರಲ್ಲಿ ಇದ್ದಾರೆ.

ಲೆಕ್ಕದ ಮಾಸ್ತರ್:
ಅಕ್ಕಾರೆ, ನಿಮ್ಮ ಮಾತು ಅಂಕಿಯಲ್ಲಿ ಹೀಗಿದೆ. ಒಂದೇ ಅಳತೆಯ 20 ಊರು ಅಂದುಕೊಳ್ಳೋಣ. 19ರಲ್ಲಿ ಲಸಿಕೆ ಶೇ. 97, ಒಂದು ತಾಂಡಾದಲ್ಲಿ ಶೇ. 57. ಸರಾಸರಿ ಎಷ್ಟು? ಸರಿಯಾಗಿ ಶೇ. 95.

ದಡಾರ ಬಹಳ ಬೇಗ ಹರಡುವ ಕಾಯಿಲೆ. ಯಾರಿಗೂ ರಕ್ಷಣೆ ಇಲ್ಲದ ಊರಲ್ಲಿ ಒಬ್ಬರಿಂದ 12ರಿಂದ 18 ಜನಕ್ಕೆ ಹರಡಬಹುದು ಅಂತ ಹೇಳುತ್ತಾರೆ. ಆ 18 ಜನರಲ್ಲಿ 17 ಜನಕ್ಕೆ ರಕ್ಷಣೆ ಇದ್ದರೆ ಒಬ್ಬರಿಂದ ಒಬ್ಬರಿಗಷ್ಟೇ ಹರಡುತ್ತದೆ, ಕಾಯಿಲೆ ಬೆಳೆಯೋದಿಲ್ಲ. 18ರಲ್ಲಿ 17 ಅಂದರೆ ಸುಮಾರು ಶೇ. 94. ಕಾಯಿಲೆ ಹಬ್ಬಬಾರದು ಅಂದರೆ ಅಷ್ಟು ಜನಕ್ಕೆ ರಕ್ಷಣೆ ಬೇಕು. ತಾಲ್ಲೂಕಿನ ಸರಾಸರಿ ಆ ಗೆರೆ ದಾಟಿದೆ. ಆದರೆ ವೈರಾಣು ತಾಲ್ಲೂಕಿನ ಸರಾಸರಿಯ ಮೇಲೆ ಓಡಾಡೋದಿಲ್ಲ, ಜೊತೆಗೆ ಆಡುವ ಮಕ್ಕಳ ನಡುವೆ ಓಡಾಡುತ್ತದೆ. ಶೇ. 57 ಇರುವ ತಾಂಡಾಕ್ಕೆ ಬಂದರೆ ಉಳಿದ ಮಕ್ಕಳಿಗೆಲ್ಲ ಬಡಿಯುತ್ತದೆ.

ಹಾಗಾಗಿ ಮುಂದಿನ ನೂರು ಡೋಸ್ ಎಲ್ಲಿಗೆ ಹೋಗಬೇಕು ಅಂದರೆ ಮಾದರಿ ತಾಂಡಾ ಕಡೆ ಕೈ ತೋರಿಸುತ್ತದೆ. ಇಲ್ಲಿ ನ್ಯಾಯಕ್ಕೂ ಒಟ್ಟು ಲಾಭಕ್ಕೂ ಜಗಳವೇ ಇಲ್ಲ, ಗೋಕುಲ ರೋಡ್ ಅಣ್ಣಾರೆ.

ಗೋಕುಲ ರೋಡ್:
ಇಲ್ಲಿ ಪೂರ್ತಿ ಒಪ್ಪಿದೆ. ಆಂಬುಲೆನ್ಸ್ ವಿಷಯದಲ್ಲಿ ಜಗಳ ಇನ್ನೂ ಇದೆ.

ಹಳೇ ಹುಬ್ಬಳ್ಳಿ:
ವಿಷಯ ಸ್ವಲ್ಪ ಬೇರೆ, ಆದರೂ ಹೇಳುತ್ತೇನೆ. 1898ರಲ್ಲಿ ಹುಬ್ಬಳ್ಳಿಗೆ ಪ್ಲೇಗ್ ಬಡಿದಾಗ ಮುಂಬೈಯಲ್ಲಿ ಹಾಫ್ಕಿನ್ ತಯಾರಿಸಿದ್ದ ಲಸಿಕೆಯನ್ನು ಇಲ್ಲಿ ದೊಡ್ಡ ಪ್ರಮಾಣದಲ್ಲಿ ಹಾಕಿದರು. ಲ್ಯೂಮನ್ ಅನ್ನುವ ಡಾಕ್ಟರು ಮುಂದೆ ನಿಂತು ಮಾಡಿಸಿದ್ದು. ಹಾಕಿಸಿಕೊಂಡವರಲ್ಲಿ ಎಷ್ಟು ಸಾವು, ಹಾಕಿಸಿಕೊಳ್ಳದವರಲ್ಲಿ ಎಷ್ಟು ಸಾವು ಅನ್ನುವ ಹುಬ್ಬಳ್ಳಿಯ ಅಂಕಿಗಳನ್ನು ಆಗ ಲಸಿಕೆಯ ಪರ ವಾದಕ್ಕೆ ಬಳಸಿದರು.

ಆಮೇಲೆ 1927ರಲ್ಲಿ ಕರ್ಮ್ಯಾಕ್ ಮತ್ತು ಮೆಕೆಂಡ್ರಿಕ್ ಸಾಂಕ್ರಾಮಿಕ ರೋಗದ ಗಣಿತ ಬರೆದಾಗ, ತಮ್ಮ ಸೂತ್ರ ಹೊಂದುತ್ತದಾ ಅಂತ ನೋಡಲು ಇಟ್ಟುಕೊಂಡದ್ದು ಮುಂಬೈಯ 1905–06ರ ಪ್ಲೇಗ್ ಸಾವುಗಳ ಲೆಕ್ಕ. ಮೆಕೆಂಡ್ರಿಕ್ ಭಾರತದಲ್ಲಿ ಕೆಲಸ ಮಾಡಿದ್ದವರು. ಕೊರೊನಾ ಕಾಲದಲ್ಲಿ ಟಿ.ವಿ.ಯಲ್ಲಿ ತೋರಿಸಿದ ಏರಿಳಿತದ ಗೆರೆಗಳಿಗೆಲ್ಲ ಅದೇ ಮೂಲ. ನಮ್ಮ ಜನರ ಸಾವಿನ ಅಂಕಿಯಿಂದ ಕಟ್ಟಿದ ವಿದ್ಯೆ ಇದು. ನಮ್ಮ ಜನಕ್ಕೆ ಉಪಯೋಗ ಆಗಲಿ ಅಂತ ಕೇಳುವ ಹಕ್ಕು ನಮಗಿದೆ.

ಬೆಣ್ಣಿಹಳ್ಳ:
ಹಳೇ ಹುಬ್ಬಳ್ಳಿಯವರು ಬರೆದದ್ದು ಬಹಳ ಇಷ್ಟವಾಯಿತು.

ನವಲಗುಂದ ಕಡೆಯವರಿಗೆ ಒಂದು ಪ್ರಶ್ನೆ. ಬೆಣ್ಣಿಹಳ್ಳ ಬಂದರೆ ಕೆಲವು ಊರಿಗೆ ದಾರಿಯೇ ಕಟ್. ಆಗ ಆಂಬುಲೆನ್ಸ್ ಹಳ್ಳದ ಈ ದಡದಲ್ಲಿದ್ದರೆ ಆ ದಡಕ್ಕೆ ದೂರ ಎಷ್ಟು ಅಂತ ಮಾದರಿಯಲ್ಲಿ ಹಾಕುತ್ತೀರಿ?

ಗಾಡಿ ಓಡಿಸುವವ:
ಮಳೆಗಾಲಕ್ಕೆ ಒಂದು ಜಾಗ, ಬೇಸಿಗೆಗೆ ಒಂದು ಜಾಗ ಅಂತ ಮಾಡಬೇಕು. ಗಾಡಿಗೆ ಚಕ್ರ ಇದೆ, ಕಟ್ಟಡ ಅಲ್ಲ. ಹಳ್ಳ ಬರುವ ಸೂಚನೆ ಇದ್ದಾಗ ಆಚೆ ದಡದಲ್ಲಿ ಒಂದು ಗಾಡಿ ಮೊದಲೇ ನಿಲ್ಲಿಸಬಹುದು. ಆದರೆ ನಮಗೆ ಅಲ್ಲಿ ರಾತ್ರಿ ಮಲಗೋಕೆ ಒಂದು ಕೋಣೆ, ಶೌಚಾಲಯ ಕೊಡಿ. ಇಎಂಟಿ (ಗಾಡಿಯಲ್ಲಿ ರೋಗಿಯನ್ನು ನೋಡಿಕೊಳ್ಳುವವರು) ಹೆಣ್ಣುಮಗಳು ಇರುತ್ತಾರೆ, ಅವರ ಬಗ್ಗೆಯೂ ಯೋಚಿಸಿ. ಲೆಕ್ಕದಲ್ಲಿ 15ನೇ ಕಿ.ಮೀ. ಅಂದುಬಿಡೋದು ಸುಲಭ.

ನಿವೃತ್ತ (ಹಾವೇರಿ):
ನ್ಯಾಯವನ್ನು ಅಂಕಿಯಲ್ಲಿ ಅಳೆಯೋದು ನಮ್ಮ ರಾಜ್ಯಕ್ಕೆ ಹೊಸದಲ್ಲ. ಯಾವ ಭಾಗ ಎಷ್ಟು ಹಿಂದುಳಿದಿದೆ ಅಂತ ನೋಡಲು ಸರ್ಕಾರ ನೇಮಿಸಿದ್ದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ ನೆನಪಿದೆಯಾ? 35 ಸೂಚಕ ತೆಗೆದುಕೊಂಡು 175 ತಾಲ್ಲೂಕುಗಳಿಗೂ ಒಂದೊಂದು ಸೂಚ್ಯಂಕ ಹಾಕಿದರು. ರಾಜ್ಯದ ಸರಾಸರಿ 1. ಅದಕ್ಕಿಂತ ಕೆಳಗೆ 114 ತಾಲ್ಲೂಕು ಬಂದವು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಅಲ್ಲಿವರೆಗೆ ‘ಉತ್ತರ ಕರ್ನಾಟಕಕ್ಕೆ ಅನ್ಯಾಯ’ ಅನ್ನೋದು ಬರೀ ಭಾಷಣದ ಮಾತಾಗಿತ್ತು. ಆ ವರದಿ ಬಂದ ಮೇಲೆ ತಾಲ್ಲೂಕಿನ ಹೆಸರು ಹಿಡಿದು ಕೇಳೋಕೆ ಆಯಿತು.

ಅದರ ಕೊರತೆಯೂ ಇಲ್ಲಿ ನೀವು ಮಾತಾಡಿದ್ದೇ. ತಾಲ್ಲೂಕು ಒಂದು ಅಂಕಿ ಆಯಿತು, ಒಳಗಿನ ತಾಂಡಾ, ಗೌಳಿ ದೊಡ್ಡಿ, ಸ್ಲಮ್ಮು ಮುಚ್ಚಿಹೋದವು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಒಂದು ಮಾನದಂಡ ಇದೆ. ಬಯಲು ಸೀಮೆಯಲ್ಲಿ 30,000 ಜನಕ್ಕೆ ಒಂದು, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 20,000ಕ್ಕೆ ಒಂದು. ದೂರ ಇರುವವರಿಗೆ ತೂಕ ಜಾಸ್ತಿ ಕೊಡುವ ನಿಯಮ ಇದು, ಬಹಳ ಒಳ್ಳೇದು. ಆದರೆ ಮಳೆಗಾಲದ ಎರೆ ಭೂಮಿಗೆ ಇದರಲ್ಲಿ ಲೆಕ್ಕ ಇಲ್ಲ. ನಕ್ಷೆಯಲ್ಲಿ ಅದು ಬಯಲು.

ರೋಣದಿಂದ ಬೆಂಗಳೂರಿಗೆ:
ಮಾಸ್ತರ್, ದೂರ ಇರುವವರಿಗೆ ತೂಕ ಕೊಡೋಕೆ ದೂರದ ವರ್ಗ (ದೂರವನ್ನು ಅದರಿಂದಲೇ ಗುಣಿಸಿದ್ದು) ತೆಗೆದುಕೊಂಡರೆ ಸಾಕಲ್ವಾ? 30 ಕಿ.ಮೀ. ಇದ್ದವರಿಗೆ 900, 10 ಕಿ.ಮೀ. ಇದ್ದವರಿಗೆ 100. ಎಷ್ಟೋ ಕಡೆ ಹಾಗೆ ಮಾಡುತ್ತಾರೆ.

ಲೆಕ್ಕದ ಮಾಸ್ತರ್:
ಹಾಕಿ ನೋಡಿ. ನನ್ನ ಮೂರು ಊರಿನ ಲೆಕ್ಕಕ್ಕೆ ವರ್ಗ ಹಾಕಿದರೆ ಗಾಡಿ ದೊಡ್ಡ ಊರಿನಿಂದ 3ನೇ ಕಿ.ಮೀ.ಗೆ ಬರುತ್ತದೆ. ತಾಂಡಾಕ್ಕೆ ಇನ್ನೂ 27. ಸೂತ್ರದಲ್ಲಿ ನ್ಯಾಯ ಕಂಡಿತು, ನೆಲದ ಮೇಲೆ 3 ಕಿ.ಮೀ. ಮಾತ್ರ. ಅದಕ್ಕೇ ಸೂತ್ರದ ಹೆಸರು ಕೇಳಿ ತೃಪ್ತಿ ಪಡಬಾರದು. ಕಡೇ ಊರಿಗೆ ಕೊನೆಗೆ ಎಷ್ಟು ನಿಮಿಷ ಬಂತು ಅಂತ ಕೇಳಬೇಕು.

ಗೋಕುಲ ರೋಡ್:
ಹಾಗಾದರೆ ಎರಡು ಗಾಡಿ ಕೇಳಿ. ಒಂದೇ ಗಾಡಿ ಇಟ್ಟುಕೊಂಡು ಪೇಟೆ ಬಡವರಿಗೂ ತಾಂಡಾ ಬಡವರಿಗೂ ಜಗಳ ಹಚ್ಚೋದು ಯಾಕೆ? ಲಕ್ಷ ಜನಕ್ಕೆ ಒಂದು ಅನ್ನುವ ಮಾನದಂಡವನ್ನೇ ಪ್ರಶ್ನೆ ಮಾಡಬೇಕು.

ಬ್ಯಾಡಗಿ ಖಾರ:
ಗೋಕುಲ ರೋಡಿನವರ ಜೊತೆ ಮೊದಲ ಸಲ ಒಪ್ಪುತ್ತಿದ್ದೇನೆ.

ದವಾಖಾನೆ ಅಕ್ಕ:
ಎರಡನೇ ಗಾಡಿ ಬರೋವರೆಗೆ ಹತ್ತಿರದ ದವಾಖಾನೆಯಲ್ಲಿ ಹಾವಿನ ಔಷಧದ ಮೊದಲ ಡೋಸ್ ಯಾವಾಗಲೂ ಇರಬೇಕು ಅಂತ ನಿಯಮ ಮಾಡಲಿ. ಕಳೆದ ವರ್ಷದ ಖರ್ಚು ಸೊನ್ನೆ ಇದ್ದರೂ ಇರಲಿ. ಅವಧಿ ಮುಗಿಯುವ ಮುಂಚೆ ಖರ್ಚು ಇರುವ ಕಡೆ ಕಳಿಸಿ ಹೊಸದು ತರಿಸಬಹುದು.

ಕಪ್ಪತಗುಡ್ಡದ ಸೆರಗು:
ಎಲ್ಲರಿಗೂ ಧನ್ಯವಾದ. ಸಭೆಗೆ ಬರೆದುಕೊಂಡದ್ದು ಹೀಗಿದೆ: ಏನನ್ನು ಕಡಿಮೆ ಮಾಡುವ ಲೆಕ್ಕ? ಕಿ.ಮೀ.ನೋ, ಮಳೆಗಾಲದ ನಿಮಿಷವೋ? ಗಾಡಿ ಹೊರಗೆ ಹೋದಾಗ ಯಾರು ಬರುತ್ತಾರೆ? ನಮ್ಮ ತಾಂಡಾದ ಉತ್ತರ ಎಷ್ಟು ನಿಮಿಷ? ಅಂಕಿ ಎಲ್ಲಿಂದ ತಂದಿರಿ? ಕೊನೇ ಪ್ರಶ್ನೆಗೆ ಅವರು ‘108ಕ್ಕೆ ಬಂದ ಕರೆಗಳಿಂದ’ ಅಂದರೆ? ನಮ್ಮವರು ಗಾಡಿ ಬರೋದಿಲ್ಲ ಅಂತ ಕರೆಯನ್ನೇ ಮಾಡೋದಿಲ್ಲ. ಸಿಗ್ನಲ್ಲೂ ಇಲ್ಲ.

ಆಶಾ ಅಕ್ಕ:
ಅದನ್ನ ನಾವೇ ಬರೆದಿಡಬೇಕು ತಮ್ಮಾ. ಗ್ರಾಮ ಆರೋಗ್ಯ ಸಮಿತಿ ಪ್ರತಿ ಊರಲ್ಲೂ ಇದೆ, ಅದರ ನಡಾವಳಿ ಪುಸ್ತಕ ಇದೆ. ಟ್ರ್ಯಾಕ್ಟರಿನಲ್ಲಿ ಹೋದವರು, ಬೈಕ್ ಮೇಲೆ ನಡುವೆ ಕೂರಿಸಿಕೊಂಡು ಹೋದವರು, ಮನೆಯಲ್ಲೇ ಹೆರಿಗೆ ಆದವರು, ಎಲ್ಲ ಅದರಲ್ಲಿ ಬರಲಿ. ನಾನು ನಮ್ಮ ಕಡೆ ಈ ತಿಂಗಳಿಂದ ಬರೆಸುತ್ತೇನೆ.

ಲೆಕ್ಕದ ಮಾಸ್ತರ್:
ಬರೆಯುವಾಗ ಹೆಸರು ಬೇಡ. ತಾರೀಖು, ಹೊರಟ ಹೊತ್ತು, ಮುಟ್ಟಿದ ಹೊತ್ತು, ಯಾವುದರಲ್ಲಿ ಹೋದರು, ಯಾವ ದಾರಿ. ಇಷ್ಟು ಸಾಕು. ಎರಡು ಮೂರು ಊರಿನ ಪಟ್ಟಿ ಬಂದರೂ ಇಲ್ಲಿ ಹಾಕಿ. ನಾನು ಲೆಕ್ಕ ಮಾಡಿ ಕೊಡುತ್ತೇನೆ, ಸೂತ್ರ ಸಮೇತ. ಪೈಲಟ್ ಅಣ್ಣ, ಮಳೆಗಾಲದಲ್ಲಿ ಯಾವ ದಾರಿಗೆ ಎಷ್ಟು ನಿಮಿಷ ಅಂತ ನೀವು ಹೇಳಬೇಕಾಗುತ್ತದೆ.

ಗಾಡಿ ಓಡಿಸುವವ:
ನಮ್ಮ ತಾಲ್ಲೂಕಿನದು ನಾನು ಹೇಳುತ್ತೇನೆ. ಗದಗ ಕಡೆಯದು ಅಲ್ಲಿನ ಪೈಲಟ್‌ಗಳನ್ನೇ ಕೇಳಬೇಕು, ಒಬ್ಬಿಬ್ಬರ ಪರಿಚಯ ಇದೆ. ಸಭೆ ಯಾವಾಗ ಅಂತ ಗೊತ್ತಾದರೆ ತಿಳಿಸಿ.